ತಂಪು ಮಾರುವವರು, ತಂಪು ಕಾಯುವವರು



ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ಮಂಗಳೂರಿನಲ್ಲಿ ಸೆಕೆಯ ಆಳ್ವಿಕೆ ಆರಂಭವಾಗುತ್ತದೆ. ಕಡಲ ತೇವವನ್ನು ಹೊತ್ತ ಗಾಳಿಯಲ್ಲಿ ಮೈಯ ಬೆವರು ಆರುವುದಿಲ್ಲ. ರಾತ್ರಿಯಾದರೂ ನೆಮ್ಮದಿಯ ನಿದ್ದೆ ಬರುವುದಿಲ್ಲ. ಅಂಥ ಊರಿನ ಜನ ವಾರಕ್ಕೆರಡು ದಿನ ಘಟ್ಟ ಹತ್ತಿ ತಣ್ಣಗೆ ಉಸಿರಾಡಬೇಕೆಂದು ಬಯಸುವುದು ಸಹಜ. ಬಂದವರಿಗೆ ಬೆಲ್ಲ ನೀರು ಕೊಟ್ಟು, ಜಗಲಿಯಲ್ಲಿ ಚಾಪೆ ಹಾಸಿ ಮಾತನಾಡಿಸುವುದು ಮಲೆನಾಡಿನ ಮನೆಗಳ ವಾಡಿಕೆ. ಆದುದರಿಂದ ಈ ಬರಹ ನೆಂಟರ ವಿರುದ್ಧವಲ್ಲ. ನೆಂಟರ ಹೆಸರಿನಲ್ಲಿ ನಡೆಯುತ್ತಿರುವ ವ್ಯಾಪಾರದ ವಿರುದ್ಧ.

ಚಾರ್ಮಾಡಿ, ಶಿರಾಡಿ, ಆಗುಂಬೆ ಯಾವ ಘಟ್ಟದ ದಾರಿಯನ್ನು ಹಿಡಿದರೂ ಈಗ ಫಲಕಗಳ ಸಾಲು ಎದುರಾಗುತ್ತದೆ: ಕಾಟೇಜು, ಟೆಂಟು, ಮರದ ಮನೆ, ಕಾಡಿನ ನಡುವೆ ಒಂದು ರಾತ್ರಿ. ಇವರು ಮಾರುತ್ತಿರುವ ಸರಕು ಯಾವುದು? ತಂಪು. ಆ ತಂಪನ್ನು ಉತ್ಪಾದಿಸಿದವರು ಯಾರು? ಯಾವ ಮಾಲೀಕನೂ ಅಲ್ಲ. ಕಣಿವೆಯ ಮಡಿಕೆಗಳಲ್ಲಿ ಉಳಿದಿರುವ ಶೋಲಾ ಕಾಡು, ಅದರ ನೆತ್ತಿಯ ಹುಲ್ಲುಗಾವಲು, ತಲೆಮಾರುಗಳಿಂದ ಕಾನನ್ನು ಕಡಿಯದೆ ಕಾಪಾಡಿಕೊಂಡು ಬಂದ ಹಳ್ಳಿಗರು. ಬಂಡವಾಳ ನಮ್ಮೆಲ್ಲರದು, ಲಾಭ ಮಾತ್ರ ಕೆಲವರದು.

ಈ ವ್ಯಾಪಾರವು ತನ್ನ ಸರಕನ್ನೇ ನಾಶಮಾಡುತ್ತದೆ ಎಂಬುದು ಎರಡನೆಯ ಸಂಗತಿ. ಕಣ್ಣಿಗೆ ಕಣಿವೆ ಕಾಣಬೇಕೆಂದು ಕಟ್ಟಡವನ್ನು ಕಡಿದಾದ ಇಳಿಜಾರಿನಲ್ಲೇ ಕಟ್ಟುತ್ತಾರೆ. ಅದಕ್ಕಾಗಿ ಜೆಸಿಬಿ ಗುಡ್ಡದ ಕಾಲನ್ನು ಕತ್ತರಿಸಿ ಸಮತಟ್ಟು ಮಾಡುತ್ತದೆ. ಕಾರು ಹೋಗಲು ಮತ್ತೊಂದು ಧರೆಯನ್ನು ಕಡಿಯುತ್ತದೆ. ತೆಗೆದ ಮಣ್ಣನ್ನು ಕೆಳಗಿನ ಹಳ್ಳಕ್ಕೆ ದೂಡಲಾಗುತ್ತದೆ. ಕಾಡಿನ ನೆಲದಲ್ಲಿ ಬೇರು ಮತ್ತು ತರಗೆಲೆಯ ಹಾಸು ಮಳೆಯನ್ನು ಹೀರಿ ನಿಧಾನವಾಗಿ ಬಿಡುತ್ತದೆ. ಹಾಸನ್ನು ಕೆರೆದು ತೆಗೆದ ಮೇಲೆ ನೀರು ಕಡಿದ ಅಂಚಿನಲ್ಲಿ ನೇರವಾಗಿ ಒಳನುಗ್ಗುತ್ತದೆ, ಮಣ್ಣಿನ ಕಣಗಳ ಹಿಡಿತವನ್ನು ಸಡಿಲಿಸುತ್ತದೆ. ಅದರ ಮೇಲೆ ಈಜುಕೊಳದ ಭಾರವನ್ನೂ ಹೇರಿದರೆ ಗುಡ್ಡ ಎಷ್ಟು ಕಾಲ ನಿಂತೀತು? ಸಹಜ ಓಟೆಯನ್ನು ಮುಚ್ಚಿದ ನೀರು ಬೇರೆ ದಾರಿಯನ್ನು ಹುಡುಕಿಯೇ ಹುಡುಕುತ್ತದೆ. ಆ ದಾರಿಯಲ್ಲಿ ಸಾಮಾನ್ಯವಾಗಿ ಬಡವನ ಮನೆ ಇರುತ್ತದೆ.

ನಾವು ಕಂಡದ್ದು ಕಡಿಮೆಯೇನಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಪ್ರದೇಶಗಳಲ್ಲಿ ಗುಡ್ಡಗಳು ಜಾರಿದವು. ಅತಿವೃಷ್ಟಿಯೊಂದಿಗೆ ಇಳಿಜಾರುಗಳನ್ನು ಮನಬಂದಂತೆ ಕಡಿದದ್ದೂ ಅದಕ್ಕೆ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯೇ ಹೇಳಿತು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಸೀಮೆಯ ಮಲೆಮನೆಯಲ್ಲಿ ಮನೆ ತೋಟಗಳು ಮಣ್ಣುಪಾಲಾದವು. ಚಾರ್ಮಾಡಿ ರಸ್ತೆ ಕುಸಿದು ಸಂಚಾರ ನಿಂತಿತು. ನೆರೆಯ ವಯನಾಡಿನ ಮೇಪ್ಪಾಡಿಯನ್ನು ನೋಡಿ. 2021ರ ಜನವರಿಯಲ್ಲಿ ಅಲ್ಲಿ ಡೇರೆ ಬಿಡಾರದಲ್ಲಿ ತಂಗಿದ್ದ ಯುವತಿಯೊಬ್ಬರು ಕಾಡಾನೆಗೆ ಬಲಿಯಾದರು. ಅದೇ ಪಂಚಾಯತಿಯ ಮುಂಡಕ್ಕೈ, ಚೂರಲ್‌ಮಲಗಳು 2024ರ ಜುಲೈ 30ರ ನಸುಕಿನಲ್ಲಿ ಕೊಚ್ಚಿಹೋಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಈ ಎಲ್ಲ ಸಾವುಗಳನ್ನೂ ರೆಸಾರ್ಟುಗಳ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಮಳೆಯ ಸ್ವಭಾವವೇ ಬದಲಾಗಿದೆ. ಆದರೆ ಮಳೆ ಹೆಚ್ಚು ಉಗ್ರವಾಗುತ್ತಿರುವ ಕಾಲದಲ್ಲಿ ಗುಡ್ಡವನ್ನು ಇನ್ನಷ್ಟು ದುರ್ಬಲಗೊಳಿಸುವುದು ಯಾವ ಬುದ್ಧಿವಂತಿಕೆ?

ಕಾನೂನು ಎಲ್ಲಿದೆ ಎಂದು ಕೇಳುವಿರಿ. ಕಾನೂನು ಹಿಂದೆ ಸರಿಯುತ್ತಿದೆ. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯಿದೆಯ ಕಲಮುಗಳನ್ನು ಕರ್ನಾಟಕ ಸರಕಾರ 2020ರಲ್ಲಿ ತೆಗೆದುಹಾಕಿತು. ಎಲೆಚುಕ್ಕೆ ರೋಗದಿಂದ ಅಡಕೆ ತೋಟ ಸೊರಗಿ ಸಾಲದಲ್ಲಿ ಬಿದ್ದ ಸಣ್ಣ ಹಿಡುವಳಿದಾರನ ಬಾಗಿಲಿಗೆ ನಗರದ ದಲ್ಲಾಳಿ ಬರಲು ಇದರಿಂದ ದಾರಿ ಸುಗಮವಾಯಿತು. ಕೇಂದ್ರ ಸರಕಾರವಾದರೋ 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ 2023ರಲ್ಲಿ ತಿದ್ದುಪಡಿ ತಂದು, ಅರಣ್ಯ ಕಾರ್ಯಯೋಜನೆಯಲ್ಲಿ ಸೇರಿಸಿದ ಪರಿಸರ ಪ್ರವಾಸೋದ್ಯಮದ ಸೌಕರ್ಯಗಳನ್ನು ಅರಣ್ಯೇತರ ಬಳಕೆಯ ಪಟ್ಟಿಯಿಂದ ಹೊರಗಿಟ್ಟಿತು. ಗಣಿಯನ್ನು ಓಡಿಸಿದ ನಾಡು ನಮ್ಮದು. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗುಡ್ಡವನ್ನು ಅಗೆಯುವ ಆಸೆ ಮಾತ್ರ ನಿಲ್ಲಲಿಲ್ಲ. ಅದು ಹೆಸರು ಬದಲಿಸಿಕೊಂಡು, ಹಸಿರು ಬಣ್ಣ ಬಳಿದುಕೊಂಡು ಮರಳಿ ಬಂದಿದೆ.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ನೆರೆದ ಜನಜಂಗುಳಿಯನ್ನು ಕಂಡು ಸರಕಾರ ಬೆಚ್ಚಿತು. ಚಾರಣವನ್ನು ತಾತ್ಕಾಲಿಕವಾಗಿ ತಡೆದು, ಅನಂತರ ದಿನಕ್ಕೆ 300 ಜನರೆಂಬ ಮಿತಿಯನ್ನು ಗೊತ್ತುಮಾಡಿತು. ಸ್ವಾಗತಾರ್ಹವೇ. ಆದರೆ ನಡೆಯುವವರಿಗೆ ಮಿತಿ ಹಾಕಿದ ಸರಕಾರ ಮಲಗುವವರನ್ನು ಎಣಿಸಿದೆಯೇ? ಒಂದು ಹಳ್ಳದ ತಲೆಯಲ್ಲಿ ಎಷ್ಟು ಹಾಸಿಗೆಗಳಿವೆ, ಅಷ್ಟು ಜನರ ಶೌಚದ ನೀರು ಎಲ್ಲಿಗೆ ಇಳಿಯುತ್ತದೆ ಎಂಬ ಲೆಕ್ಕ ಯಾವ ಪಂಚಾಯತಿಯ ಕಡತದಲ್ಲಿದೆ? ಅದೇ ಹಳ್ಳದ ಅಬ್ಬಿಯಿಂದ ದಂಬೆ ಕಟ್ಟಿ ಮನೆಗೆ ನೀರು ತರುವ ಕುಟುಂಬಗಳು ಕೆಳಗಿವೆ ಎಂಬುದು ಮೇಲೆ ಹಾಡು ಹಾಕಿ ಕುಣಿಯುವವರಿಗೆ ತಿಳಿದಿದೆಯೇ?

'ಹಾಗಾದರೆ ನಮ್ಮ ಹುಡುಗರು ಬೆಂಗಳೂರಿಗೆ ಹೋಗಿ ಕಾವಲುಗಾರರಾಗಬೇಕೇ?' ಎಂಬ ಪ್ರಶ್ನೆಯನ್ನು ಸಭೆಗಳಲ್ಲಿ ಎದುರಿಸಿದ್ದೇವೆ. ಪ್ರಶ್ನೆ ನ್ಯಾಯವಾದುದು. ತನ್ನ ಮನೆಯ ಎರಡು ಕೋಣೆಗಳನ್ನು ಶುಚಿಮಾಡಿ, ಮನೆಯಾಕೆ ಮಾಡಿದ ಕಡುಬನ್ನು ಬಡಿಸಿ, ನಾಲ್ಕು ಕಾಸು ಸಂಪಾದಿಸುವ ರೈತನನ್ನು ನಾವು ವಿರೋಧಿಸುವುದಿಲ್ಲ. ಅವನ ಪರ ನಿಲ್ಲುತ್ತೇವೆ. ಅವನಿಗೆ ಹಳ್ಳ ಕೆಟ್ಟರೆ ಬದುಕಿಲ್ಲ. ಆದುದರಿಂದ ಅವನು ಹಳ್ಳವನ್ನು ಕೆಡಿಸಲಾರ. ಆದರೆ ಊರಿನಲ್ಲಿ ವಾಸವೇ ಇಲ್ಲದ ಮಾಲೀಕ, ಹೋಂ ಸ್ಟೇ ಎಂದು ಫಲಕ ಹಾಕಿ, ಹತ್ತಾರು ಕಾಟೇಜುಗಳನ್ನು ಕಟ್ಟಿ, ನಮ್ಮ ಹುಡುಗರನ್ನು ಪಾತ್ರೆ ತೊಳೆಯಲು ಇಟ್ಟುಕೊಳ್ಳುವುದು ಉದ್ಯೋಗ ಸೃಷ್ಟಿಯಲ್ಲ. ಮಾರಿದ ತನ್ನದೇ ತೋಟದಲ್ಲಿ ಕೂಲಿಯಾಗುವುದು ಅಭಿವೃದ್ಧಿಯಲ್ಲ.

ಇನ್ನೊಂದು ಭಯವನ್ನೂ ಬಿತ್ತಲಾಗಿದೆ. ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶದ ಘೋಷಣೆಯಾದರೆ ರೈತರನ್ನು ಒಕ್ಕಲೆಬ್ಬಿಸುತ್ತಾರೆ ಎಂಬ ಭಯ. ಕೇಂದ್ರದ 2024ರ ಜುಲೈ ಕರಡು ನಿಷೇಧಿಸಹೊರಟದ್ದು ಗಣಿ, ಕಲ್ಲುಕ್ವಾರಿ, ಕೆಂಪು ವರ್ಗದ ಕೈಗಾರಿಕೆ ಮತ್ತು 20,000 ಚದರ ಮೀಟರ್ ಹಾಗೂ ಅದಕ್ಕೂ ಮಿಗಿಲಾದ ಕಟ್ಟಡ ಯೋಜನೆಗಳನ್ನು. ನಮ್ಮ ನಿಮ್ಮ ಹಂಚಿನ ಮನೆಗೆ ಇದರಲ್ಲಿ ಯಾವ ಕುತ್ತು? ಆದರೂ ಆ ವರ್ಷದ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ನಿರ್ಧಾರದ ಹಕ್ಕು ಗ್ರಾಮಸಭೆಗಳಿಗೆ ಸೇರಬೇಕೆಂದು 2011ರಲ್ಲೇ ಹೇಳಿದ್ದ ಮಾಧವ ಗಾಡ್ಗೀಳ್ ಸಮಿತಿಯ ವರದಿಯನ್ನು ಹಳ್ಳಿಗಳಿಗೆ ಓದಿ ಹೇಳಿದವರೆಷ್ಟು ಮಂದಿ? ರೈತನ ಭಯವನ್ನು ಮುಂದಿಟ್ಟುಕೊಂಡು ಯಾರು ಬಚಾವಾದರೆಂಬುದನ್ನು ನೀವೇ ಯೋಚಿಸಿ.

ನಮ್ಮ ಬೇಡಿಕೆಗಳು ಸರಳವಾಗಿವೆ. ಮನೆಯವರು ವಾಸವಿರುವ ಮನೆ ಮಾತ್ರ ಹೋಂ ಸ್ಟೇ ಎನಿಸಿಕೊಳ್ಳಲಿ. ಕಡಿದಾದ ಇಳಿಜಾರಿನಲ್ಲಿ, ಹಳ್ಳದ ತಲೆಯಲ್ಲಿ, ಆನೆಯ ದಾರಿಯಲ್ಲಿ ಕಾಟೇಜೂ ಬೇಡ, ಡೇರೆಯೂ ಬೇಡ. ಘಟ್ಟದ ಮೇಲೆ ಈಜುಕೊಳ ಬೇಡ. ಸಂಜೆಯ ಬಳಿಕ ಧ್ವನಿವರ್ಧಕ ಬೇಡ. ತಂದ ಪ್ಲಾಸ್ಟಿಕ್ಕನ್ನು ತಂದವರೇ ಮರಳಿ ಒಯ್ಯಲಿ. ಯಾವುದೇ ಹೊಸ ತಾಣಕ್ಕೆ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯವಾಗಲಿ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಈ ಬೇಸಗೆಯ ರಜೆಯಲ್ಲಿ ನಿಮ್ಮೂರಿನ ಒಂದು ಹಳ್ಳವನ್ನು ಬುಡದಿಂದ ತಲೆಯವರೆಗೆ ನಡೆದು ನೋಡಿ. ದಡದಲ್ಲಿ ಎಷ್ಟು ತಂಗುದಾಣಗಳಿವೆ, ಶೌಚದ ಗುಂಡಿ ನೀರಿನಿಂದ ಎಷ್ಟು ಹೆಜ್ಜೆ ದೂರವಿದೆ, ಎಲ್ಲಿ ಧರೆ ಕಡಿದಿದ್ದಾರೆ ಎಂಬುದನ್ನು ಬರೆದಿಡಿ. ಹಿರಿಯರು ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ನಡಾವಳಿಗೆ ಸೇರಿಸಲಿ. ಕಾಗದದಲ್ಲಿ ದಾಖಲಾದ ಪ್ರಶ್ನೆಯನ್ನು ಅಧಿಕಾರಿ ಸುಲಭವಾಗಿ ನುಂಗಲಾರ.

ಕೊನೆಯದಾಗಿ ಮಂಗಳೂರಿನ ಬಂಧುಗಳಿಗೆ ಒಂದು ಮಾತು. ನೀವು ತುಂಬೆಯ ಅಣೆಕಟ್ಟಿನಿಂದ ಕುಡಿಯುವ ನೇತ್ರಾವತಿಯ ನೀರು ಇದೇ ಘಟ್ಟಗಳಿಂದ ಇಳಿದು ಬರುತ್ತದೆ. ಶನಿವಾರ ರಾತ್ರಿ ನೀವು ಇಲ್ಲಿ ಚೆಲ್ಲಿದ್ದು ಒಂದಲ್ಲ ಒಂದು ದಿನ ನಿಮ್ಮ ನಲ್ಲಿಗೇ ಬರುತ್ತದೆ. ಬನ್ನಿ, ನೆಂಟರಾಗಿ ಬನ್ನಿ. ಗುಡ್ಡವನ್ನು ಗುಡ್ಡವಾಗಿ ಉಳಿಸಿದವರ ಮನೆಯಲ್ಲಿ ತಂಗಿ. ಗುಡ್ಡವನ್ನು ಕಡಿದವನಿಗೆ ನಿಮ್ಮ ಹಣ ಸಿಗದಿದ್ದರೆ ನಮ್ಮ ಅರ್ಧ ಹೋರಾಟ ಮುಗಿದಂತೆಯೇ.