ದ್ವೀಪ ಅಂಗೈಯಷ್ಟು, ಕಡಲು ಆಕಾಶದಷ್ಟು

ಮಕ್ಕಳೇ, ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗಿದ್ದೆ. ನಮ್ಮ ಹಿರಿಯರು ಆ ಊರನ್ನು ಕೊನೆಯವರೆಗೂ ಎಡೇಹಳ್ಳಿ ಎಂದೇ ಕರೆದರು. ಊರು ದಾಟಿ ಭದ್ರಾ ಹಿನ್ನೀರಿನ ದಂಡೆಗೆ ಹೋದೆವು. ಏಪ್ರಿಲ್ ತಿಂಗಳು, ನೀರು ಇಳಿದಿತ್ತು. ಮಳೆಗಾಲದಲ್ಲಿ ಕಾಣದ ದಿಬ್ಬಗಳು ಒಂದೊಂದಾಗಿ ತಲೆ ಎತ್ತಿದ್ದವು.

"ಅಜ್ಜಯ್ಯ, ಆ ದಿಬ್ಬ ಯಾರದ್ದು?"

"ಈಗ ಸರ್ಕಾರದ್ದು ಪುಟ್ಟಿ."

"ಹಾಗಾದ್ರೆ ಅದರ ಸುತ್ತ ಇರೋ ನೀರು? ನೀರೊಳಗಿನ ಮೀನು?"

ನನಗೆ ನಗು ಬಂತು. ಇದೇ ಪ್ರಶ್ನೆಗಾಗಿ ನನ್ನ ದೊಡ್ಡಮಾವ ನೆರೆಮನೆಯವರ ಹತ್ತಿರ ಒಂದು ವರ್ಷ ಮಾತು ಬಿಟ್ಟಿದ್ದರು.

ನನ್ನ ಅಮ್ಮನ ತವರುಮನೆ ಇದ್ದದ್ದು ಈಗ ನೀರು ನಿಂತಿರುವ ಜಾಗದಲ್ಲೇ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಾಗ ಗದ್ದೆ, ತೋಟ, ಮನೆ ಎಲ್ಲ ಮುಳುಗಿ, ಮನೆಯವರು ಮೇಲೆ ಬಂದು ಬೇರೆ ಕಡೆ ಒಲೆ ಹೂಡಿದರು. ಮುಳುಗದೆ ಉಳಿದದ್ದು ಹಳೆಯ ಹಕ್ಕಲಿನ ಒಂದು ಗುಡ್ಡದ ನೆತ್ತಿ ಮಾತ್ರ. ಅದರ ಮೇಲೆ ಹುಲ್ಲೂ ಸರಿಯಾಗಿ ಬೆಳೆಯುತ್ತಿರಲಿಲ್ಲ. ಆದರೆ ಅದರ ಬುಡದ ಮಡುವಿನಲ್ಲಿ ಒಳ್ಳೆಯ ಮೀನು ಸಿಗುತ್ತದೆ ಎಂದು ಗೊತ್ತಾದದ್ದೇ ತಡ, "ಆ ಗುಡ್ಡ ನಮ್ಮದಿತ್ತು, ಮಡುವೂ ನಮ್ಮದು" ಎಂದರು ದೊಡ್ಡಮಾವ. "ಗುಡ್ಡದ ಆ ಮಗ್ಗುಲು ನಮ್ಮದಲ್ಲವಾ?" ಎಂದರು ನೆರೆಯವರು. ಪರಿಹಾರದ ದುಡ್ಡು ಇಬ್ಬರೂ ಎಣಿಸಿಕೊಂಡಾಗಿತ್ತು. ಆದರೂ ಜಗಳ. ಅದು ಹೇಗೆ ಮುಗಿಯಿತು ಎಂದು ಕೊನೆಯಲ್ಲಿ ಹೇಳುತ್ತೇನೆ.

ದೇಶ ದೇಶಗಳು ದ್ವೀಪಕ್ಕಾಗಿ ಆಡುವ ಜಗಳವೂ ಹೀಗೆಯೇ ಮಕ್ಕಳೇ. ಕಣ್ಣು ಇರುವುದು ದಿಬ್ಬದ ಮೇಲಲ್ಲ, ದಿಬ್ಬದ ಸುತ್ತಲ ನೀರಿನ ಮೇಲೆ, ನೀರಿನ ಅಡಿಯ ನೆಲದ ಮೇಲೆ. ನಮ್ಮ ಕನ್ನಡ ನಾಡಿಗೇ ಸೇರಿದ್ದ ಐದು ದ್ವೀಪಗಳ ಕಥೆಯಿಂದ ಶುರುಮಾಡೋಣ.

ಮಂಗಳೂರಿನ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದ ನಡುವೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಹವಳದ ದ್ವೀಪಗಳಿವೆ. ಒಟ್ಟಾಗಿ ಅಮಿನದಿವಿ ದ್ವೀಪಗಳು ಎನ್ನುತ್ತಾರೆ. ಅಲ್ಲಿ ತೆಂಗು ಬಿಟ್ಟರೆ ಹೇಳಿಕೊಳ್ಳುವ ಬೆಳೆ ಇಲ್ಲ. ಭತ್ತದ ಗದ್ದೆ ಇಲ್ಲ. ಜನ ತೆಂಗಿನ ನಾರನ್ನು ಹೊಸೆದು ಹುರಿ ಮಾಡುತ್ತಿದ್ದರು. ಅದನ್ನು ಓಡಂ ಎಂಬ ಹಾಯಿದೋಣಿಯಲ್ಲಿ ದಡಕ್ಕೆ ಒಯ್ದು ಮಾರಿ ಅಕ್ಕಿ ತರುತ್ತಿದ್ದರು. ಮಳೆಗಾಲದಲ್ಲಿ ಕಡಲು ಕೆರಳಿದರೆ ದೋಣಿ ಇಲ್ಲ. ಮೊದಲೇ ತಂದಿಟ್ಟ ಅಕ್ಕಿಯಲ್ಲೇ ದಿನ ನೂಕಬೇಕು. ಆಗುಂಬೆ ಮಳೆಯಲ್ಲಿ ದಾರಿ ಕಟ್ಟಿ ಕೂತ ಅಜ್ಜ ಅಜ್ಜಿಯರಿಗೆ ಈ ಕಷ್ಟ ಬೇರೆ ಹೇಳಬೇಕಿಲ್ಲ.

ಆ ದ್ವೀಪಗಳನ್ನು ಆಳುತ್ತಿದ್ದದ್ದು ಕಣ್ಣಾನೂರಿನ ಅರಕ್ಕಲ್ ಮನೆತನ. ಹುರಿಯನ್ನು ಅರಮನೆಗೇ ಕೊಡಬೇಕು, ಅವರು ಹೇಳಿದ ಬೆಲೆಗೇ ಕೊಡಬೇಕು. ಹೀಗೆ ಬೇಸತ್ತ ಅಮಿನಿಯ ಕೆಲವರು 1783ರ ಸುಮಾರಿಗೆ ದೋಣಿ ಹತ್ತಿ ಮಂಗಳೂರಿಗೆ ಬಂದರು. ಆಗ ಮೈಸೂರನ್ನು ಆಳುತ್ತಿದ್ದ ಟಿಪ್ಪು ಸುಲ್ತಾನನನ್ನು ಕಂಡು, ನಮ್ಮ ದ್ವೀಪಗಳನ್ನು ನೀವೇ ನೋಡಿಕೊಳ್ಳಿ ಎಂದು ಕೇಳಿಕೊಂಡರು. ಅರಕ್ಕಲ್‌ನ ರಾಣಿಗೂ ಟಿಪ್ಪುವಿಗೂ ಸ್ನೇಹವಿತ್ತು. ಮಾತುಕತೆ ನಡೆದು, ಆ ಐದು ದ್ವೀಪಗಳು ಮೈಸೂರಿಗೆ ಬಂದವು. ಉಳಿದವು ಅರಕ್ಕಲ್ ಮನೆತನದಲ್ಲೇ ಉಳಿದವು.

ಒಮ್ಮೆ ಯೋಚಿಸಿ. ನಮ್ಮ ಶೃಂಗೇರಿ ಮಠಕ್ಕೆ ಟಿಪ್ಪು ಬರೆಸಿದ ಕನ್ನಡ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರಿಗೆ ಮಠದಲ್ಲಿ ಸಿಕ್ಕವು. ಅವುಗಳಲ್ಲಿ 1791ರಲ್ಲಿ ಮರಾಠ ಸೈನ್ಯದವರು ಶೃಂಗೇರಿಯನ್ನು ಲೂಟಿ ಮಾಡಿದ ಸಂದರ್ಭದ ಪತ್ರಗಳೂ ಇವೆ. ಅಂದರೆ ತುಂಗೆಯ ದಡದ ಶೃಂಗೇರಿಯೂ ನಡುಗಡಲಿನ ಅಮಿನಿಯೂ ಆ ದಿನಗಳಲ್ಲಿ ಒಂದೇ ಆಳ್ವಿಕೆಯಲ್ಲಿದ್ದವು. ನಮ್ಮ ಊರಿನವರೂ ಆ ದ್ವೀಪದವರೂ ಒಬ್ಬರನ್ನೊಬ್ಬರು ಕಂಡಿರಲಿಕ್ಕಿಲ್ಲ, ಅಷ್ಟೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಐದು ದ್ವೀಪಗಳು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದವು. ಆಡಳಿತ ಮಂಗಳೂರಿನಿಂದಲೇ ನಡೆಯಿತು. ದ್ವೀಪದವರ ಹುರಿಯನ್ನು ಸರ್ಕಾರವೇ ತಾನು ಗೊತ್ತುಮಾಡಿದ ದರಕ್ಕೆ ತೆಗೆದುಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. ಧಣಿ ಬದಲಾದರೂ ತಕ್ಕಡಿ ಧಣಿಯ ಕೈಯಲ್ಲೇ ಉಳಿಯಿತು.

ಹೀಗೆ ಒಂದೂವರೆ ನೂರು ವರ್ಷಕ್ಕೂ ಹೆಚ್ಚು ಕಾಲ ಅಮಿನದಿವಿ ಮಂಗಳೂರಿಗೆ ಸೇರಿತ್ತು. 1956ರ ನವೆಂಬರ್ 1 ನಿಮಗೆ ಗೊತ್ತಲ್ಲ, ರಾಜ್ಯೋತ್ಸವದ ದಿನ. ಅಂದು ದಕ್ಷಿಣ ಕನ್ನಡ ಮದ್ರಾಸಿನಿಂದ ಬಿಟ್ಟು ನಮ್ಮ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ ದಿನ ಅಮಿನದಿವಿ ದ್ವೀಪಗಳು ಮಂಗಳೂರಿನಿಂದ ಬೇರೆಯಾಗಿ, ಉಳಿದ ದ್ವೀಪಗಳ ಜೊತೆ ಸೇರಿ ಕೇಂದ್ರಾಡಳಿತ ಪ್ರದೇಶವಾದವು. 1973ರಲ್ಲಿ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ವರ್ಷವೇ ಅವಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂತು.

ಇಲ್ಲಿಯವರೆಗೆ ಹುರಿ ಮತ್ತು ಅಕ್ಕಿಯ ಕಥೆ. ಇನ್ನು ಎಣ್ಣೆಯ ಕಥೆ.

ಹಿಂದೆ ದಡದಿಂದ ತೋಪಿನ ಗುಂಡು ಹೋಗಿ ಬೀಳುವಷ್ಟು ದೂರದ ಕಡಲು ಮಾತ್ರ ಆಯಾ ದೇಶದ್ದು ಎಂಬ ರೂಢಿಯಿತ್ತು. ಲೆಕ್ಕಕ್ಕೆ ಮೂರು ಮೈಲಿ. ಅದರಾಚೆ ಕಡಲು ಎಲ್ಲರದ್ದು. ಆದರೆ ಕಡಲ ತಳದಲ್ಲಿ ಎಣ್ಣೆ ಇದೆ, ಅದನ್ನು ಮೇಲೆತ್ತಬಹುದು ಎಂದು ಗೊತ್ತಾದ ಮೇಲೆ ಮೂರು ಮೈಲಿ ಸಾಲದಾಯಿತು. 1945ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್, ನಮ್ಮ ದಡಕ್ಕೆ ಅಂಟಿಕೊಂಡ ಕಡಲತಳದ ಸಂಪತ್ತು ನಮ್ಮದು ಎಂದು ಸಾರಿದರು. ಬೇರೆ ದೇಶಗಳೂ ಒಂದರ ಹಿಂದೊಂದು ಬೇಲಿ ಹಾಕತೊಡಗಿದವು. 1974ರಲ್ಲಿ ನಮ್ಮ ದೇಶದ ಸಾಗರ ಸಮ್ರಾಟ್ ಎಂಬ ಕೊರೆಯುವ ಹಡಗು ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರದ ಕಡಲತಳದಲ್ಲಿ ಎಣ್ಣೆ ಕಂಡುಹಿಡಿಯಿತು. ಅದೇ ಬಾಂಬೆ ಹೈ. ಎರಡು ವರ್ಷಕ್ಕೆ ಎಣ್ಣೆ ಬರತೊಡಗಿತು.

ಎಲ್ಲರೂ ಮನಬಂದಂತೆ ಬೇಲಿ ಹಾಕಿದರೆ ಹೇಗೆ? ವರ್ಷಗಟ್ಟಲೆ ಮಾತಾಡಿ 1982ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಕಡಲ ಕಾನೂನು ಸಿದ್ಧವಾಯಿತು. ದಡದಿಂದ 12 ನಾಟಿಕಲ್ ಮೈಲಿಯವರೆಗಿನ ಕಡಲು ಆ ದೇಶದ್ದೇ. 200 ನಾಟಿಕಲ್ ಮೈಲಿಯವರೆಗೆ, ಅಂದರೆ ಸುಮಾರು 370 ಕಿಲೋಮೀಟರ್‌ವರೆಗೆ, ಬೇರೆಯವರ ಹಡಗು ಓಡಾಡಬಹುದು. ಆದರೆ ಅಲ್ಲಿನ ಮೀನು, ಎಣ್ಣೆ, ಅನಿಲದ ಹಕ್ಕು ದಡದ ದೇಶಕ್ಕೆ ಮಾತ್ರ. ದ್ವೀಪಕ್ಕೂ ಇದೇ ಅಳತೆ.

ಈಗ ಕಂಪಾಸ್ ಪೆಟ್ಟಿಗೆ ತನ್ನಿ. ಒಂದು ಸೆಂಟಿಮೀಟರಿಗೆ 100 ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ಕಾಗದದ ನಡುವೆ ಒಂದು ಚುಕ್ಕೆ ಇಡಿ, ಅದು ದ್ವೀಪ. 3.7 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. 370 ಗುಣಿಸು 370 ಗುಣಿಸು 3.14. ಎಷ್ಟಾಯಿತು? ಸುಮಾರು 4 ಲಕ್ಷ 30 ಸಾವಿರ ಚದರ ಕಿಲೋಮೀಟರ್! ನಮ್ಮ ಇಡೀ ಕರ್ನಾಟಕ 1 ಲಕ್ಷ 92 ಸಾವಿರ. ಹತ್ತಿರ ಬೇರೆ ನೆಲವೇ ಇಲ್ಲದಿದ್ದರೆ ಒಂದು ಚುಕ್ಕೆಯಂಥ ದ್ವೀಪ ಎರಡು ಕರ್ನಾಟಕಕ್ಕಿಂತ ದೊಡ್ಡ ಕಡಲನ್ನು ತಂದುಕೊಡುತ್ತದೆ. ಲಕ್ಷದ್ವೀಪದ ಎಲ್ಲ ದ್ವೀಪಗಳ ನೆಲ ಕೂಡಿಸಿದರೆ ಬರೀ 32 ಚದರ ಕಿಲೋಮೀಟರ್. ಆರು ಕಿಲೋಮೀಟರ್ ಉದ್ದ, ಐದೂವರೆ ಕಿಲೋಮೀಟರ್ ಅಗಲದ ಜಾಗದಲ್ಲಿ ಎಲ್ಲವೂ ಹಿಡಿಸುತ್ತದೆ. ಅಷ್ಟು ನೆಲದಿಂದ ಭಾರತಕ್ಕೆ ದಕ್ಕಿರುವ ಕಡಲು ಸುಮಾರು 4 ಲಕ್ಷ ಚದರ ಕಿಲೋಮೀಟರ್. ಅಲ್ಲಿ ಇಂದು ಎಣ್ಣೆ ಬಾವಿಗಳಿಲ್ಲ. ಆದರೆ ಹಕ್ಕು ಇದೆ.

ಇಷ್ಟು ಲಾಭವಿದ್ದರೆ ಯಾರು ಬಿಡುತ್ತಾರೆ? 1970ರ ಚಂಡಮಾರುತದ ನಂತರ ಬಂಗಾಳ ಕೊಲ್ಲಿಯಲ್ಲಿ, ಭಾರತಕ್ಕೂ ಬಾಂಗ್ಲಾದೇಶಕ್ಕೂ ನಡುವಿನ ನದೀಮುಖದಲ್ಲಿ, ಒಂದು ಮರಳ ದಿಬ್ಬ ಕಂಡಿತು. ನಾವು ನ್ಯೂಮೂರ್ ಎಂದೆವು, ಅವರು ದಕ್ಷಿಣ ತಾಲ್‌ಪಟ್ಟಿ ಎಂದರು. ಅಲ್ಲಿ ಒಂದು ಗುಡಿಸಲೂ ಇರಲಿಲ್ಲ. ಆದರೂ 1981ರಲ್ಲಿ ಭಾರತದ ನೌಕಾಪಡೆ ಹೋಗಿ ಬಾವುಟ ನೆಟ್ಟಿತು. ಬಾಂಗ್ಲಾದೇಶ ಪ್ರತಿಭಟಿಸಿತು. ಕಡಲತಳದ ಎಣ್ಣೆ, ಅನಿಲದ ಆಸೆ ಎರಡೂ ಕಡೆ ಇತ್ತು. ವಾದ ಮುಗಿಯುವ ಮೊದಲೇ ದಿಬ್ಬ ಮುಗಿಯಿತು. ಅದು ಪೂರ್ತಿ ಮುಳುಗಿದೆ ಎಂದು 2010ರಲ್ಲಿ ಕೋಲ್ಕತ್ತದ ವಿಜ್ಞಾನಿಗಳು ತಿಳಿಸಿದರು. 2014ರ ಜುಲೈ 7ರಂದು ಅಂತರರಾಷ್ಟ್ರೀಯ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಗೆರೆ ಎಳೆಯಲು ಆ ದಿಬ್ಬವನ್ನು ಅಳತೆಗೆ ತೆಗೆದುಕೊಳ್ಳಲಿಲ್ಲ. ವಿವಾದದಲ್ಲಿದ್ದ 25,602 ಚದರ ಕಿಲೋಮೀಟರ್ ಕಡಲಿನಲ್ಲಿ 19,467 ಬಾಂಗ್ಲಾದೇಶಕ್ಕೆ ಹೋಯಿತು. ಭಾರತ ದೊಡ್ಡ ದೇಶ, ಆದರೂ ತೀರ್ಪನ್ನು ಒಪ್ಪಿಕೊಂಡಿತು. ನನಗೆ ಇದು ಬಾವುಟ ನೆಟ್ಟದ್ದಕ್ಕಿಂತ ದೊಡ್ಡ ಕೆಲಸ ಎನಿಸುತ್ತದೆ.

ಕಡಲ ಕಾನೂನಿನಲ್ಲಿ ಇನ್ನೊಂದು ಮಾತಿದೆ, ಅದು ನನಗೆ ತುಂಬ ಹಿಡಿಸಿದ್ದು. ಮನುಷ್ಯರು ಬಾಳಲಾಗದ, ಸ್ವಂತ ಬದುಕು ನಡೆಸಲಾಗದ ಬರೀ ಬಂಡೆಗೆ ಆ 200 ಮೈಲಿಯ ಹಕ್ಕಿಲ್ಲ. 12 ಮೈಲಿ ಮಾತ್ರ. ಅಂದರೆ ದ್ವೀಪಕ್ಕೆ ಅಷ್ಟು ದೊಡ್ಡ ಕಡಲು ದಕ್ಕುವುದು ಅಲ್ಲಿ ಒಲೆ ಉರಿಯಬಹುದು, ಬಟ್ಟೆ ಒಣಗಬಹುದು, ಮಗು ಆಡಬಹುದು ಎಂಬ ಕಾರಣಕ್ಕೆ. ನಕ್ಷೆಯ ಮೇಲೆ ಗೆರೆ ಎಳೆಯುವವರು ಮೊದಲು ಮರೆಯುವುದೂ ಆ ಒಲೆಯ ಮುಂದೆ ಕೂತವರನ್ನೇ. ಅಮಿನಿಯವರನ್ನು ಯಾರೂ ಕೇಳಲು ಬರಲಿಲ್ಲ. ಅವರೇ ದೋಣಿ ಹತ್ತಿ ಹೇಳಲು ಬಂದರು. ಇನ್ನೂರು ನಲವತ್ತು ವರ್ಷದ ಹಿಂದಿನ ಆ ಪ್ರಯಾಣ ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ಈಗ ದೊಡ್ಡಮಾವನ ಜಗಳಕ್ಕೆ ಬರೋಣ. ಆ ಗುಡ್ಡದ ಮೇಲೆ ಒಂದು ಬೇಸಿಗೆ ಪಂಚಾಯಿತಿ ಕೂಡಿತು. ಎರಡೂ ಮನೆಯವರನ್ನು ದಾಟಿಸಿದ್ದು ಅಲ್ಲೇ ಗುಡಿಸಲು ಹಾಕಿ, ಬಲೆ ಬೀಸಿ ಬದುಕುತ್ತಿದ್ದ ಒಬ್ಬ ಮುದುಕ. ಮಧ್ಯಾಹ್ನದವರೆಗೆ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಆತ ಹುಟ್ಟನ್ನು ನೆಲಕ್ಕೆ ಊರಿ ಕೇಳಿದ: "ಅಯ್ಯಾ, ಇಲ್ಲಿ ಇರೋನು ನಾನು. ನನ್ನನ್ನ ಒಂದು ಮಾತು ಕೇಳಿದ್ರಾ?"

ಯಾರೂ ಉತ್ತರ ಕೊಡಲಿಲ್ಲವಂತೆ. ದೊಡ್ಡಮಾವ ಎದ್ದು ನೆರೆಯವರ ಕಡೆ ಎಲೆ ಅಡಿಕೆ ತಟ್ಟೆ ಸರಿಸಿದರಂತೆ. ಆಮೇಲೆ ಮೀನು ಬೇಕಾದರೆ ಎರಡೂ ಮನೆಯವರು ಆ ಮುದುಕನಿಂದಲೇ ಕೊಂಡರು.

ಇದನ್ನೆಲ್ಲ ಕೇಳಿದ ಮೇಲೆ ಮೊಮ್ಮಗಳು ಹಿನ್ನೀರನ್ನು ನೋಡುತ್ತ ಕೂತಳು. ಆಮೇಲೆ ಕೇಳಿದಳು: "ಅಜ್ಜಯ್ಯ, ನಮ್ಮ ಮನೆ ಮುಳುಗುವಾಗ ನಿಮ್ಮನ್ನ ಕೇಳಿದ್ರಾ?"

ನಾನು ಆಗ ತುಂಬ ಚಿಕ್ಕವನು, ಪುಟ್ಟಿ. ಕೇಳಬೇಕಾದದ್ದು ನನ್ನ ಅಜ್ಜಿಯನ್ನು. ಆಕೆ ಈಗಿಲ್ಲ.

ಮಕ್ಕಳೇ, ಈ ವಾರದ ಕೆಲಸ ಇದು. ಮನೆಯ ಹಿರಿಯರ ಹತ್ತಿರ ಕೂತು ನಿಮ್ಮ ಊರಿನ ಹೊಳೆ, ಕೆರೆ, ಹಿನ್ನೀರಿನ ಒಂದು ನಕ್ಷೆ ಬರೆಯಿರಿ. ಎಲ್ಲಿ ಗದ್ದೆ ಇತ್ತು, ಎಲ್ಲಿ ಬಾವಿ ಇತ್ತು, ಯಾರು ಅಲ್ಲಿ ಬಾಳುತ್ತಿದ್ದರು ಎಂದು ಗುರುತು ಹಾಕಿ. ಅಜ್ಜ ಅಜ್ಜಿಯರೇ, ಮಗು ಕಾಗದ ಪೆನ್ಸಿಲ್ ಹಿಡಿದು ಬಂದರೆ ದಯವಿಟ್ಟು ನಾಳೆ ಹೇಳುತ್ತೇನೆ ಎನ್ನಬೇಡಿ.