ಗಾಜಿಗೆ ಕಣ್ಣು ಅಂಟಿಸುವ ಮುನ್ನ

ಕೊಪ್ಪ–ಶೃಂಗೇರಿ ರಸ್ತೆಯ ತಿರುವಿನಲ್ಲಿ ಎರಡು ಗಾಡಿ ಮುಟ್ಟಿಕೊಂಡರೆ ಹುಟ್ಟೋದು ಎರಡು ಕಥೆ. ಮಳೆ, ಮಂಜಿನ ನಡುವೆ ಸಾಕ್ಷಿ ಹೇಳೋರು ಯಾರು ಸ್ವಾಮಿ? ಡ್ಯಾಶ್‌ಕ್ಯಾಮ್ ಬೇಕೆನ್ನುವವರ ಮಾತು ಸುಳ್ಳಲ್ಲ.

ಆದರೆ ಅಗ್ಗಕ್ಕೆ ಮರುಳಾಗಬೇಡಿ. ರಾತ್ರಿ ಮಳೆಯಲ್ಲಿ ನಂಬರ್ ಪ್ಲೇಟ್ ಕಾಣದ ಕ್ಯಾಮರಾ ಇದ್ದೂ ಇಲ್ಲದ ಹಾಗೆ. ನೋಟಕ್ಕೆ ಅಡ್ಡ ಬಾರದಂತೆ ಕನ್ನಡಿಯ ಹಿಂದೆ ಕೂರಿಸಿ. ಗಾಡಿಯ ವೈರ್ ಕತ್ತರಿಸಿದರೆ ವಾರಂಟಿಗೆ ತಕರಾರು ಬಂದೀತು. ಚಾರ್ಜರ್ ಸಾಕೆಟ್ಟೇ ಸಾಕು. ಕಾರ್ಡ್ ತುಂಬಿದರೆ ಹಳೆಯದು ತಾನೇ ಅಳಿಯುತ್ತೆ; ಅಪಘಾತವಾದರೆ ಕಾರ್ಡನ್ನು ಅಂದೇ ತೆಗೆದಿಡಿ.

ಕೋರ್ಟಿಗೆ ಬರೀ ಪೆನ್‌ಡ್ರೈವ್ ಒಯ್ದರೆ ನಡೆಯೋದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರವೂ ಜೊತೆಗಿರಬೇಕು. ಇನ್ನೊಂದು ಮಾತು: ಕ್ಯಾಮರಾ ಯಾರ ಪಕ್ಷವೂ ಅಲ್ಲ. ನಿಮ್ಮ ಓವರ್‌ಟೇಕೂ ಅದರಲ್ಲೇ ಇರುತ್ತೆ. ಅಳಿಸಿದಿರೋ, ಸಾಕ್ಷ್ಯನಾಶದ ಕೇಸು ಬಿದ್ದೀತು.

ಬಾಡಿಗೆ ಗಾಡಿಯವರು ಒಳಗಿನ ಮೈಕ್ ಆರಿಸಿಡುವುದು ಲೇಸು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲೇ ಹೇಳಿದೆ. ಪ್ರಯಾಣಿಕರ ಮನೆ ಮಾತು ಎನ್.ಆರ್. ಪುರದ ಅಂಗಡಿ ಕಟ್ಟೆಗೆ ಬರಬಾರದು. ವಿಡಿಯೋ ಠಾಣೆಗೆ, ವಿಮೆಯವರಿಗೆ ಹೋಗಲಿ, ವಾಟ್ಸಾಪ್ ಪಂಚಾಯ್ತಿಗೆ ಬೇಡ. ಅದಕ್ಕೂ ಮೊದಲು ಗಾಯಾಳು ಆಸ್ಪತ್ರೆ ಸೇರಲಿ.