ಹಳೆಯ ರಿವಾಲ್ವರಿನ ಮೋಹ

ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ ಕಂಪೆನಿ 1899ರಲ್ಲಿ ಹೊರತಂದ .38 ರಿವಾಲ್ವರ್ ದಶಕಗಳ ಕಾಲ ಅಲ್ಲಿನ ಪೊಲೀಸರ ಸೊಂಟದಲ್ಲಿತ್ತು. ಆರು ಗುಂಡು, ಸರಳ ಯಂತ್ರ. ಒಂದು ಗುಂಡು ಹಾರದಿದ್ದರೆ ಮತ್ತೊಮ್ಮೆ ಟ್ರಿಗರ್ ಒತ್ತಿದರಾಯಿತು, ಮುಂದಿನದು ಸಿದ್ಧ. ನ್ಯೂಯಾರ್ಕ್ ಪೊಲೀಸ್ ಇಲಾಖೆ 1993ರಲ್ಲಿ ಪಿಸ್ತೂಲಿಗೆ ಹೊರಳಿದರೂ ಕೆಲವು ಹಿರಿಯರು 2018ರವರೆಗೆ ರಿವಾಲ್ವರನ್ನು ಬಿಟ್ಟಿರಲಿಲ್ಲ. ಸಂಗ್ರಾಹಕರಿಗಂತೂ ಸವೆದ ಬಣ್ಣ, ಹಿಡಿಯ ಮೇಲಿನ ಗೀರುಗಳೇ ಆಕರ್ಷಣೆ.

ಈ ಮೋಹ ಅರ್ಥವಾಗುವಂಥದ್ದೇ. ಒಪ್ಪಲಾಗದ್ದು ಇಲಾಖೆಗಳ ವ್ಯಾಪಾರ. ಹಳೆಯ ಆಯುಧಗಳನ್ನು ವಿತರಕರಿಗೆ ಒಪ್ಪಿಸಿ ಹೊಸದರ ಬೆಲೆಯಲ್ಲಿ ರಿಯಾಯಿತಿ ಪಡೆಯುವ ರೂಢಿ ಅಲ್ಲಿದೆ. ಒಂದು ಕಾಲಕ್ಕೆ ಪೊಲೀಸರದಾಗಿದ್ದ 50 ಸಾವಿರಕ್ಕೂ ಹೆಚ್ಚು ಬಂದೂಕುಗಳು 2006ರಿಂದೀಚೆಗೆ ಅಪರಾಧ ಪ್ರಕರಣಗಳಲ್ಲಿ ಸಿಕ್ಕಿರುವುದನ್ನು 2024ರ ಪತ್ರಿಕಾ ತನಿಖೆ ಬಯಲಿಗೆಳೆಯಿತು. ನಿವೃತ್ತ ಆಯುಧವನ್ನು ಮಾರದೆ ಕರಗಿಸಬೇಕು; ಅದರ ನಷ್ಟವನ್ನು ಸರ್ಕಾರಗಳೇ ಹೊರಬೇಕು.